ಮಳೆ ಬಂದರೆ ಅಗಲವಾಗುವ ಶಿಖರ: ಗಾಮಾ ಡಿಟೆಕ್ಟರಿನ ಒಂದು ದೋಷ ಹುಡುಕಿದ ಬಗೆ

ನಮ್ಮದು ಕಾರವಾರದಲ್ಲಿ, ಸಮುದ್ರದಿಂದ ಕೂಗಳತೆಯಲ್ಲಿರುವ ಒಂದು ಸಣ್ಣ ಲ್ಯಾಬ್. ಹುಡುಗರು ಮರಳು, ಮಣ್ಣು, ಗೊಬ್ಬರ ತಂದು ಅವುಗಳಲ್ಲಿರುವ ಸಹಜ ವಿಕಿರಣ ಅಳೆಯುತ್ತಾರೆ. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿರುವ ತಾಲ್ಲೂಕು ಇದು. ವಿಕಿರಣದ ಮಾತು ಇಲ್ಲಿ ಮೀನು ಮಾರ್ಕೆಟ್ಟಿನಲ್ಲೂ ಬರುತ್ತದೆ. ಅದಕ್ಕೇ ನಮ್ಮ ಲ್ಯಾಬಿನಿಂದ ಹೊರಗೆ ಹೋಗುವ ಒಂದೊಂದು ಅಂಕಿಯೂ ಸರಿಯಿರಬೇಕು ಅಂತ ನನಗೆ ಹಟ.

ಕಳೆದ ಆಷಾಢದಲ್ಲಿ ಆ ಅಂಕಿಗಳೇ ಕೆಟ್ಟವು. ಕಾರಣ ಹುಡುಕಲು ಹನ್ನೊಂದು ದಿನ ಹಿಡಿಯಿತು. ಸರಿಯಾದ ಜಾಗದಿಂದ ಶುರು ಮಾಡಿದ್ದರೆ ಅರ್ಧ ದಿನ ಸಾಕಿತ್ತು. ನಿಮಗೆ ಆ ಹತ್ತು ದಿನ ಉಳಿಯಲಿ ಅಂತ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ಉಪಕರಣ ಮತ್ತು ಲಕ್ಷಣ

ಎರಡು ಇಂಚು ಅಗಲ, ಎರಡು ಇಂಚು ಉದ್ದದ ಸೋಡಿಯಂ ಅಯೋಡೈಡ್ ಹರಳು. ಗಾಮಾ ಕಿರಣ ಬಡಿದರೆ ಅದು ಮಿನುಗುತ್ತದೆ. ಅದರ ಹಿಂದೆ ಆ ಬೆಳಕನ್ನು ವಿದ್ಯುತ್ತಾಗಿ ಮಾಡಿ ಹಿಗ್ಗಿಸುವ ಫೋಟೊಮಲ್ಟಿಪ್ಲೈಯರ್ ಟ್ಯೂಬ್, ಸಿಗ್ನಲ್ಲನ್ನು ಕೇಬಲ್ಲಿಗೆ ಹೊಂದಿಸುವ ಪ್ರಿಆಂಪ್, ಮೂರು ಮೀಟರ್ ಕೇಬಲ್. ಕೊನೆಗೆ ಸೆಕೆಂಡಿಗೆ 10 ಕೋಟಿ ಸಲ ಅಳತೆ ತೆಗೆಯುವ ಡಿಜಿಟೈಸರ್. ಅಂದರೆ 10 ನ್ಯಾನೊಸೆಕೆಂಡಿಗೆ ಒಂದು ಅಂಕಿ.

ಯಾವ ಶಕ್ತಿಯ ಗಾಮಾ ಎಷ್ಟು ಬಂತು ಅನ್ನುವ ನಕ್ಷೆಯೇ ಸ್ಪೆಕ್ಟ್ರಮ್. ಒಂದೇ ಶಕ್ತಿಯವು ಅದರಲ್ಲಿ ಒಂದು ಶಿಖರವಾಗಿ ಏಳುತ್ತವೆ, ಶಕ್ತಿಯ ಅಳತೆ ಕೆಇವಿ. ಬೇಸಿಗೆಯಲ್ಲಿ ಪರೀಕ್ಷೆಗೆ ಇಡುವ ಸೀಸಿಯಂ-137ರ 662 ಕೆಇವಿ ಶಿಖರದ ಅಗಲ, ಅರ್ಧ ಎತ್ತರದಲ್ಲಿ ಅಳೆದರೆ, 662ರ ಶೇ 7 ಇತ್ತು. ಈ ಅಳತೆಯ ಹರಳಿಗೆ ಅದು ಒಳ್ಳೆಯ ಅಂಕಿ. ಮಳೆ ಹಿಡಿದ ವಾರದಲ್ಲಿ ಅದು ಶೇ 11ಕ್ಕೆ ಏರಿತು. ಒಟ್ಟು ಎಣಿಕೆಯಲ್ಲಿ ವ್ಯತ್ಯಾಸ ಇಲ್ಲ. ಶಿಖರದ ಜಾಗವೂ ಸರಿದಿಲ್ಲ. ಅಗಲ ಮಾತ್ರ ಜಾಸ್ತಿ. ಸಂಜೆ ಏಳರ ಮೇಲೆ ಯಾರೋ ಬಿಟ್ಟುಹೋದ ರಾತ್ರಿಯ ಎಣಿಕೆಯಲ್ಲಿ ಮತ್ತೆ ಶೇ 7! ಈ ರಾತ್ರಿಯ ಅಂಕಿಗೆ ನಾವು ಆಗ ಬೆಲೆ ಕೊಡಲಿಲ್ಲ. ಕೊಟ್ಟಿದ್ದರೆ ಅವತ್ತೇ ಉತ್ತರ ಸಿಗುತ್ತಿತ್ತು.

ಹರಳಿಗೆ ಥಂಡಿ ಹಿಡಿಯಿತೇ?

ಕರಾವಳಿಯಲ್ಲಿ ಮೊದಲ ಅನುಮಾನ ಯಾವಾಗಲೂ ಇದೇ. ಸೋಡಿಯಂ ಅಯೋಡೈಡ್ ಉಪ್ಪಿನ ಹಾಗೆ ನೀರು ಎಳೆದುಕೊಳ್ಳುತ್ತದೆ. ಡಬ್ಬಿಯ ಸೀಲ್ ಸೋರಿದರೆ ಹರಳು ಹಳದಿಯಾಗುತ್ತದೆ, ಬೆಳಕು ಕಡಿಮೆ ಬರುತ್ತದೆ, ಶಿಖರ ಅಗಲವಾಗುತ್ತದೆ. ಆದರೆ ಬೆಳಕು ಕಡಿಮೆಯಾದರೆ ಶಿಖರ ಎಡಕ್ಕೂ ಸರಿಯಬೇಕು ಅಲ್ವಾ? ನಮ್ಮದು ಇದ್ದಲ್ಲೇ ಇತ್ತು. ಅದೂ ಅಲ್ಲದೆ, ಒಮ್ಮೆ ಹಳದಿಯಾದ ಹರಳು ರಾತ್ರಿ ಬೆಳಗಾಗುವುದರೊಳಗೆ ಬೆಳ್ಳಗಾಗುವುದಿಲ್ಲ. ಹೊಸ ಹರಳಿನ ದರ ಕೇಳಲು ಫೋನ್ ಮಾಡುವ ಮೊದಲು ಈ ಎರಡು ಮಾತು ಯೋಚಿಸಿ.

ಫಿಲ್ಟರ್ ಮುಟ್ಟಿ ಕೆಡಿಸಿದ್ದು

ಮುಂದಿನ ಹೆಜ್ಜೆಯಲ್ಲೇ ನಾವು ದಾರಿ ತಪ್ಪಿದೆವು. ಅದಕ್ಕೆ ಡಿಜಿಟೈಸರ್ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಹೇಳಬೇಕು.

ಒಂದೊಂದು ಗಾಮಾಗೂ ಪ್ರಿಆಂಪಿನಿಂದ ಬರುವ ಪಲ್ಸ್ (ವಿದ್ಯುತ್ತಿನ ಮಿಡಿತ) ಒಂದು ಮೈಕ್ರೊಸೆಕೆಂಡಿನ ಒಳಗೆ ಮೇಲೇರುತ್ತದೆ. ಆಮೇಲೆ ಒಲೆಯಿಂದ ಇಳಿಸಿದ ಪಾತ್ರೆ ಆರಿದ ಹಾಗೆ ನಿಧಾನ ಇಳಿಯುತ್ತದೆ. ನಮ್ಮ ಪ್ರಿಆಂಪಿನಲ್ಲಿ ಎತ್ತರ ಶೇ 37ಕ್ಕೆ ಇಳಿಯಲು 47 ಮೈಕ್ರೊಸೆಕೆಂಡ್ ಬೇಕು. ಇದೇ ಅದರ ಇಳಿಕೆಯ ಕಾಲ. ಡಿಜಿಟೈಸರ್ ಮೊದಲು ಲೆಕ್ಕ ಹಾಕಿ ಈ ಇಳಿಜಾರನ್ನು ಸಮ ಮಾಡುತ್ತದೆ, ಪಲ್ಸ್ ಒಂದು ಮೆಟ್ಟಿಲಿನ ಹಾಗಾಗುತ್ತದೆ. ಆಮೇಲೆ ಮೆಟ್ಟಿಲಿನ ಮೇಲಿನ ಒಂದಷ್ಟು ಅಂಕಿಗಳ ಸರಾಸರಿಯಿಂದ ಕೆಳಗಿನ ಒಂದಷ್ಟು ಅಂಕಿಗಳ ಸರಾಸರಿ ಕಳೆಯುತ್ತದೆ. ನಡುವೆ ಒಂದು ಸಣ್ಣ ಬಿಡುವು. ಹೀಗೆ ಬರುವ ಆಕಾರ ಟ್ರೆಪಿಜಾಯ್ಡ್, ಅದರ ತಲೆಯ ಎತ್ತರವೇ ಶಕ್ತಿ. 1994ರಲ್ಲಿ ಜೋರ್ಡಾನೋವ್ ಮತ್ತು ನೋಲ್ ಅನ್ನುವ ಸಂಶೋಧಕರು ಇದನ್ನು ಪಲ್ಸ್ ಬರುತ್ತಿರುವಾಗಲೇ, ಹೆಚ್ಚಾಗಿ ಕೂಡುವುದು ಕಳೆಯುವುದರಲ್ಲೇ ಮಾಡುವ ದಾರಿ ತೋರಿಸಿದರು. ಇವತ್ತಿನ ಬಹಳಷ್ಟು ಡಿಜಿಟೈಸರ್‌ಗಳ ಒಳಗೆ ಇರುವುದು ಅದರದೇ ರೂಪ.

ಸರಾಸರಿ ತೆಗೆಯುವ ಕಾಲಕ್ಕೆ ಏರುಕಾಲ ಅನ್ನೋಣ. ನಡುವಿನ ಬಿಡುವಿಗೆ ಫ್ಲಾಟ್ ಟಾಪ್ ಅನ್ನುತ್ತಾರೆ. ನಮ್ಮಲ್ಲಿ ಎರಡೂ 1 ಮೈಕ್ರೊಸೆಕೆಂಡ್. ಈ ಹರಳಿನ ಬೆಳಕು ಸುಮಾರು 230 ನ್ಯಾನೊಸೆಕೆಂಡಿನ ಲೆಕ್ಕದಲ್ಲಿ ಆರುವುದರಿಂದ ಅಷ್ಟು ಸಾಕು.

'ನಾಯ್ಸ್ (ಸಿಗ್ನಲ್ಲಿನ ಮೇಲೆ ಕೂರುವ ಬೇಡದ ಅಲುಗಾಟ) ಜಾಸ್ತಿಯಾದರೆ ಏರುಕಾಲ ಉದ್ದ ಮಾಡಿ' ಅನ್ನುವುದು ಎಲ್ಲರೂ ಹೇಳುವ ಮಾತು. ಹೆಚ್ಚು ಅಂಕಿಗಳ ಸರಾಸರಿ ತೆಗೆದರೆ ತಾಳವಿಲ್ಲದ ಗೊಜಗೊಜ ಸಮವಾಗುತ್ತದೆ. ನಾವು 1 ಇದ್ದದ್ದನ್ನು 6 ಮಾಡಿದೆವು, ಫ್ಲಾಟ್ ಟಾಪನ್ನು 2 ಮಾಡಿದೆವು. ಶಿಖರದ ತಲೆ ಎರಡಾಗಿ ಸೀಳಿತು! 662ರ ಜಾಗದಲ್ಲಿ ತಗ್ಗು, ಅದರ ಎಡಕ್ಕೊಂದು ಬಲಕ್ಕೊಂದು ದಿಬ್ಬ. ಎರಡರ ನಡುವೆ ಸುಮಾರು 100 ಕೆಇವಿ ಅಂತರ.

ಎಡಗಡೆಯ ದಿಬ್ಬ 609ರ ಹತ್ತಿರವೇ ಇತ್ತು. ಇದು ಇನ್ನೊಂದು ಬಲೆ. ಜೋರು ಮಳೆ ಬಂದಾಗ ಗಾಳಿಯಲ್ಲಿರುವ ರೇಡಾನ್‌ನ ಮಕ್ಕಳು, ಅಂದರೆ ಆ ಅನಿಲ ಒಡೆದು ಹುಟ್ಟುವ ಪರಮಾಣುಗಳು, ನೀರಿನ ಜೊತೆ ನೆಲಕ್ಕೆ ಇಳಿಯುತ್ತವೆ. ಅವುಗಳಲ್ಲಿ ಬಿಸ್ಮತ್-214 ಕೊಡುವ ಮುಖ್ಯ ಗೆರೆ, ಅಂದರೆ ಗಾಮಾ ಶಕ್ತಿ, 609 ಕೆಇವಿ. ನಮ್ಮ ಕಡೆ ಮಳೆ ಹೊಯ್ದಾಗ ಹಿನ್ನೆಲೆ ಎಣಿಕೆ ಏರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದು ದೋಷ ಅಲ್ಲ, ಪ್ರಕೃತಿ. ಹಾಗಾಗಿ ಒಂದು ಇಡೀ ದಿನ ನಾವು 'ರೇಡಾನ್ ಇರಬೇಕು' ಅಂತ ಕೂತೆವು.

ರೇಡಾನ್ ಹೌದೋ ಅಲ್ಲವೋ ತಿಳಿಯಲು ದಾರಿ ಸುಲಭ. ಬಿಸ್ಮತ್-214 ಬಂದರೆ 1120 ಮತ್ತು 1764ರಲ್ಲೂ ಗೆರೆ ಏಳಬೇಕು. ಜೊತೆಗೆ ಲೆಡ್-214ರ 352 ಕೂಡ ಬೆಳೆಯಬೇಕು. ಮಳೆ ನಿಂತ ಮೇಲೆ ಎರಡು ಮೂರು ತಾಸಿನಲ್ಲಿ ಎಲ್ಲ ಇಳಿಯಬೇಕು, ಯಾಕಂದರೆ ಈ ಎರಡರ ಅರ್ಧಾಯುಷ್ಯ 20 ಮತ್ತು 27 ನಿಮಿಷ ಅಷ್ಟೇ. ನಮ್ಮಲ್ಲಿ ಬೇರೆ ಗೆರೆಗಳು ಅಲುಗಲಿಲ್ಲ. ಮಳೆ ನಿಂತರೂ ದಿಬ್ಬ ಹಾಗೇ ಇತ್ತು.

ಎರಡು ಶಿಖರ, ಒಂದು ಲೆಕ್ಕ

ಕೊನೆಗೆ ಫಿಲ್ಟರನ್ನು ಹಳೆಯ ಅಂಕಿಗೇ ತಂದು, ಕಾಗದ ಹಿಡಿದು ಕೂತೆವು. ಕೇಳಬೇಕಾದ ಪ್ರಶ್ನೆ ಒಂದೇ. ಹೊಸದಾಗಿ ಸೇರಿದ ಅಗಲ ಎಲ್ಲ ಶಕ್ತಿಗೂ ಒಂದೇ ಇದೆಯೋ, ಶಕ್ತಿ ಏರಿದ ಹಾಗೆ ತಾನೂ ಏರುತ್ತದೋ?

ಇದಕ್ಕೆ ಇನ್ನೊಂದು ಶಿಖರ ಬೇಕು. ಶಿರಸಿ ಕಡೆಯ ಅಡಿಕೆ ತೋಟದ ಮನೆಯ ಹುಡುಗಿಯೊಬ್ಬಳು ನಮ್ಮಲ್ಲಿ ಪ್ರಾಜೆಕ್ಟ್ ಮಾಡುತ್ತಿದ್ದಳು. ತೋಟಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ ಅರ್ಧ ಕೆಜಿ ತಂದಿದ್ದಳು. ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಸೆಕೆಂಡಿಗೆ ಸುಮಾರು 31 ಪರಮಾಣು ಒಡೆಯುತ್ತವೆ, ಅದು ಪೊಟ್ಯಾಸಿಯಂ-40ರ ಕೆಲಸ. ಅರ್ಧ ಕೆಜಿ ಗೊಬ್ಬರದಲ್ಲಿ ಸೆಕೆಂಡಿಗೆ ಹತ್ತಿರ ಹತ್ತಿರ 8,000. ಅದರಲ್ಲಿ ಹತ್ತಕ್ಕೊಂದರ ಲೆಕ್ಕದಲ್ಲಿ 1461 ಕೆಇವಿ ಗಾಮಾ ಬರುತ್ತದೆ. ಲೈಸೆನ್ಸ್ ಬೇಡ, ಸೊಸೈಟಿಯಲ್ಲಿ ಸಿಗುತ್ತದೆ, ಯಾವತ್ತೂ ಒಂದೇ ಅಳತೆ. ಪ್ರತಿ ಲ್ಯಾಬಿನಲ್ಲೂ ಒಂದು ಡಬ್ಬಿ ಇರಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅಗಲಗಳನ್ನು ಸುಮ್ನೆ ಕಳೆಯಬಾರದು, ವರ್ಗ ಮಾಡಿ ಕಳೆಯಬೇಕು. 662ರಲ್ಲಿ ಬೇಸಿಗೆಯ ಅಗಲ 46 ಕೆಇವಿ, ಈಗ 73. 73ರ ವರ್ಗದಿಂದ 46ರ ವರ್ಗ ಕಳೆದು ವರ್ಗಮೂಲ ತೆಗೆದರೆ ಸುಮಾರು 56. 1461ರಲ್ಲಿ ಬೇಸಿಗೆಯ ಅಗಲ 72, ಈಗ 91. ಅದೇ ಲೆಕ್ಕ ಮಾಡಿದರೆ ಇಲ್ಲೂ ಸುಮಾರು 56!

ಟ್ಯೂಬಿಗೆ ಕೊಡುವ ಹೈವೋಲ್ಟೇಜ್ ಅಲುಗಾಡುತ್ತಿದ್ದರೆ ಹೀಗಾಗುವುದಿಲ್ಲ. ಫೋಟೊಮಲ್ಟಿಪ್ಲೈಯರಿನಲ್ಲಿ ವೋಲ್ಟೇಜ್ ಶೇ 1 ಬದಲಾದರೆ ಗೇನ್ (ಹಿಗ್ಗಿಸುವ ಪ್ರಮಾಣ) ಶೇ 7ರ ಆಸುಪಾಸು ಬದಲಾಗುತ್ತದೆ. ಗೇನ್ ಅಲುಗಾಡಿದರೆ ದೊಡ್ಡ ಪಲ್ಸ್ ಹೆಚ್ಚು ಅಲುಗಾಡಬೇಕು. ಆ ಲೆಕ್ಕದಲ್ಲಿ 1461ರ ಅಗಲ 143 ಕೆಇವಿ ಆಗಬೇಕಿತ್ತು. ಕಂಡದ್ದು 91. ಅಂದರೆ ಪಲ್ಸ್ ಸಣ್ಣದಿರಲಿ ದೊಡ್ಡದಿರಲಿ, ಅದರ ಮೇಲೆ ಒಂದೇ ಅಳತೆಯ ಏನೋ ಬಂದು ಕೂರುತ್ತಿದೆ. ಹರಳು, ಟ್ಯೂಬ್, ಹೈವೋಲ್ಟೇಜ್ ಮೂರನ್ನೂ ಪಟ್ಟಿಯಿಂದ ತೆಗೆದೆವು. ಉಳಿದದ್ದು ಎಲೆಕ್ಟ್ರಿಕಲ್ ನಾಯ್ಸ್.

ಅಲೆ ನೋಡಿ

ಮೊದಲ ದಿನವೇ ಮಾಡಬೇಕಿದ್ದ ಕೆಲಸ ಇದು. ಸ್ಪೆಕ್ಟ್ರಮ್ ಮುಚ್ಚಿ, ಡಿಜಿಟೈಸರಿನ ಆಸಿಲೋಸ್ಕೋಪ್ ಮೋಡ್ ತೆರೆಯಿರಿ. ಫಿಲ್ಟರ್ ಆದ ಮೇಲಿನದ್ದಲ್ಲ, ಕೇಬಲ್ಲಿನಿಂದ ಬಂದ ಹಸಿ ಅಂಕಿಗಳನ್ನು ನೋಡಿ. ಪರದೆಯಲ್ಲಿ ಕಾಣುವ ಕಾಲದ ಕಿಟಕಿಯನ್ನು ಆದಷ್ಟೂ ಉದ್ದ ಇಡಿ. ನಾವು 8,192 ಅಂಕಿ ಇಟ್ಟೆವು, ಅಂದರೆ 82 ಮೈಕ್ರೊಸೆಕೆಂಡ್. ಅಲ್ಲಿಯ ತನಕ ನಮ್ಮ ಕಿಟಕಿ 5 ಮೈಕ್ರೊಸೆಕೆಂಡಿನದ್ದಾಗಿತ್ತು. ಅದರಲ್ಲಿ ಬೇಸ್‌ಲೈನ್ (ಪಲ್ಸ್ ಇಲ್ಲದಾಗಿನ ತಳಗೆರೆ) ಸ್ವಲ್ಪ ಓರೆ ಕಾಣುತ್ತಿತ್ತು ಅಷ್ಟೇ.

ಉದ್ದ ಕಿಟಕಿಯಲ್ಲಿ ಎಲ್ಲ ಬಯಲಾಯಿತು. ಬೇಸ್‌ಲೈನ್ ಮೇಲೆ ಚೆಂದದ ಅಲೆ, ಒಂದರ ಹಿಂದೆ ಒಂದು, ಪರದೆಯ ತುಂಬ ಐದೂವರೆ. ಒಂದು ಅಲೆಗೆ 15 ಮೈಕ್ರೊಸೆಕೆಂಡ್, ಹತ್ತಿರ ಹತ್ತಿರ 67 ಕಿಲೋಹರ್ಟ್ಸ್. 662ರ ಪಲ್ಸ್ ಡಿಜಿಟೈಸರಿನ ಅಂಕಿಯ ಲೆಕ್ಕದಲ್ಲಿ 800 ಮೆಟ್ಟಿಲು ಎತ್ತರ ಇದ್ದರೆ, ಈ ಅಲೆಯ ತಗ್ಗಿನಿಂದ ತುದಿಗೆ 100 ಮೆಟ್ಟಿಲು.

ಈಗ ಹಿಂದಿನ ಒಗಟುಗಳೆಲ್ಲ ಬಿಡಿಸಿಕೊಂಡವು. ಟ್ರೆಪಿಜಾಯ್ಡ್ ಮಾಡುವುದು ಎರಡು ಸರಾಸರಿಗಳ ವ್ಯತ್ಯಾಸ. ಆ ಎರಡರ ನಡುವಿನ ದೂರ, ಏರುಕಾಲ ಮತ್ತು ಫ್ಲಾಟ್ ಟಾಪ್ ಕೂಡಿದಷ್ಟು. 1 ಮತ್ತು 1 ಇದ್ದಾಗ ದೂರ 2 ಮೈಕ್ರೊಸೆಕೆಂಡ್, 15ರ ಅಲೆ ಅಷ್ಟರಲ್ಲಿ ಸ್ವಲ್ಪವೇ ಬದಲಾಗುತ್ತದೆ. ಅಲೆಯ 0.8 ಪಾಲು ಒಳಗೆ ಬರುತ್ತದೆ. 6 ಮತ್ತು 2 ಇಟ್ಟಾಗ ದೂರ 8. ಅದು ಹೆಚ್ಚುಕಮ್ಮಿ ಅರ್ಧ ಅಲೆ. ಒಂದು ಸರಾಸರಿ ತುದಿಯಲ್ಲಿ, ಇನ್ನೊಂದು ತಗ್ಗಿನಲ್ಲಿ. ಅಲೆ ಕಡಿಮೆಯಾಗುವ ಬದಲು 1.5 ಪಟ್ಟಾಗಿ ಒಳಗೆ ಬಂತು. ಗೊಜಗೊಜ ನಾಯ್ಸಿಗೆ ಒಳ್ಳೆಯದಾದ ಔಷಧ, ತಾಳ ಇರುವ ನಾಯ್ಸಿಗೆ ವಿಷವಾಯಿತು.

ತಲೆ ಸೀಳಿದ್ದು ಯಾಕೆ? ಉಯ್ಯಾಲೆ ನೋಡಿ. ನಡುವೆ ವೇಗವಾಗಿ ಹಾಯುತ್ತದೆ, ಎರಡು ತುದಿಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಅಲೆಯೂ ಹಾಗೇ. ಯಾವುದೋ ಹೊತ್ತಿನಲ್ಲಿ ಬಂದ ಪಲ್ಸಿಗೆ ಅಲೆಯ ತುದಿಯೋ ತಗ್ಗೋ ಸಿಗುವ ಸಂಭವವೇ ಹೆಚ್ಚು. ಅದಕ್ಕೇ ಎರಡು ದಿಬ್ಬ. ಸೀಳಿದ ಶಿಖರ ಕಂಡರೆ ಹೊಸ ಐಸೊಟೋಪ್ ಹುಡುಕುವ ಮೊದಲು ಅಲೆ ಹುಡುಕಿ.

ಎಣಿಕೆ ಯಾಕೆ ಸರಿಯಿತ್ತು ಅನ್ನುವುದಕ್ಕೂ ಉತ್ತರ ಸಿಕ್ಕಿತು. ಪಲ್ಸ್ ಬಂತೋ ಇಲ್ಲವೋ ಅಂತ ನೋಡುವುದು ಬೇರೆಯೇ ಒಂದು ವೇಗದ ಫಿಲ್ಟರ್. ಅದರ ಏರುಕಾಲ ನಮ್ಮಲ್ಲಿ 0.1 ಮೈಕ್ರೊಸೆಕೆಂಡ್. ನಿಧಾನದ ಅಲೆ ಅದರ ಕಣ್ಣಿಗೆ ಬೀಳುವುದೇ ಇಲ್ಲ. 'ಎಣಿಕೆ ಸರಿಯಿದೆ, ಹಾಗಾಗಿ ಉಪಕರಣ ಸರಿಯಿದೆ' ಅನ್ನುವ ಸಮಾಧಾನ ಇಟ್ಟುಕೊಳ್ಳಬೇಡಿ.

ಅಲೆ ಎಲ್ಲಿಂದ?

ಹೈವೋಲ್ಟೇಜನ್ನು ನಿಧಾನ ಸೊನ್ನೆಗೆ ಇಳಿಸಿದೆವು. ಪಲ್ಸ್ ನಿಂತಿತು, ಅಲೆ ನಿಲ್ಲಲಿಲ್ಲ. ಟ್ಯೂಬಿನ ಮೂಲಕ ಬರುತ್ತಿಲ್ಲ. ಡಿಟೆಕ್ಟರಿಗೆ ಕಪ್ಪು ಬಟ್ಟೆ ಸುತ್ತಿದೆವು. ಅಲೆ ಇತ್ತು. ಬೆಳಕು ಸೋರುತ್ತಿಲ್ಲ. ಹೀಗೆ ಒಂದೊಂದೇ ತೆಗೆಯುತ್ತಿರುವಾಗ ಮಳೆಗೆ ಕರೆಂಟು ಹೋಯಿತು. ಡಿಜಿಟೈಸರ್ ಯುಪಿಎಸ್ ಮೇಲೆ ಓಡುತ್ತಿತ್ತು. ಕತ್ತಲಲ್ಲಿ ಪರದೆ ನೋಡುತ್ತಿದ್ದ ಹುಡುಗಿ, 'ಸರ್, ಅಲೆ ಹೋಯ್ತಲ್ಲ!' ಅಂದಳು.

ಬೇಸ್‌ಲೈನ್ ಹಗ್ಗ ಎಳೆದ ಹಾಗೆ ನೆಟ್ಟಗಿತ್ತು.

ಕರೆಂಟು ಬಂದ ಮೇಲೆ ಕೋಣೆಯ ಸ್ವಿಚ್‌ಗಳನ್ನು ಒಂದೊಂದಾಗಿ ಆರಿಸಿದೆವು. ಫ್ಯಾನ್, ಫ್ರಿಜ್, ಕಂಪ್ಯೂಟರ್. ಮೇಜಿನ ಮೇಲಿನ ಎಲ್‌ಇಡಿ ಟ್ಯೂಬ್‌ಲೈಟ್ ಆರಿಸಿದಾಗ ಅಲೆ ಹೋಯಿತು, ಹಾಕಿದಾಗ ಬಂತು. ಹತ್ತು ಸಲ ಮಾಡಿದೆವು. ಅದರೊಳಗಿನ ಡ್ರೈವರ್ ಸರ್ಕಿಟ್ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಜೋಡಿಸುತ್ತದೆ, ಆ ತಾಳವೇ ನಮ್ಮ 67 ಕಿಲೋಹರ್ಟ್ಸ್. ಬೇಸಿಗೆಯಲ್ಲಿ ಕಿಟಕಿ ತೆರೆದರೆ ಸಾಕು, ಹಗಲು ಯಾರೂ ಲೈಟ್ ಹಾಕುವುದಿಲ್ಲ. ಮಳೆಗಾಲದಲ್ಲಿ ಬೆಳಿಗ್ಗೆ ಹತ್ತಕ್ಕೂ ಲೈಟ್ ಬೇಕು. ರಾತ್ರಿ ಬೀಗ ಹಾಕುವಾಗ ಆರಿಸುತ್ತಾರೆ. ರಾತ್ರಿಯ ಶೇ 7ರ ಗುಟ್ಟು ಅದು.

ಹಾಗಂತ ಲೈಟ್ ಆರಿಸಿ ಅಳೆಯುವುದು ಪರಿಹಾರ ಅಲ್ಲ. ಹಿಂದಿನ ವರ್ಷವೂ ಅದೇ ಲೈಟ್ ಇತ್ತು, ಮಳೆಗಾಲವೂ ಇತ್ತು, ಅಲೆ ಇರಲಿಲ್ಲ. ನಾಯ್ಸ್ ಊರೆಲ್ಲ ಇರುತ್ತದೆ. ಅದು ಒಳಗೆ ಬರಲು ಬಾಗಿಲು ಎಲ್ಲಿ ತೆರೆದಿದೆ ಅನ್ನುವುದು ನೋಡಬೇಕು.

ಬಾಗಿಲು ಕೇಬಲ್ಲಿನಲ್ಲಿತ್ತು. ಪ್ರಿಆಂಪ್ ಕಡೆಯ ಬಿಎನ್‌ಸಿ ಕನೆಕ್ಟರ್ ಬಿಚ್ಚಿ ಹಿಂದಿನ ರಬ್ಬರ್ ಸರಿಸಿದೆ. ಒಳಗೆ, ನಡುವಿನ ತಂತಿಯನ್ನು ಸುತ್ತಿ ನಾಯ್ಸ್ ತಡೆಯುವ ತಾಮ್ರದ ಜಾಲರಿ ಹಸಿರು ಕಿಲುಬು ಹಿಡಿದಿತ್ತು. ಉಗುರಿನಿಂದ ಕೆರೆದರೆ ಪುಡಿ ಉದುರಿತು. ಉಪ್ಪುಗಾಳಿಯ ಕೆಲಸ. ನಡುವಿನ ತಂತಿ ಗಟ್ಟಿಯಿತ್ತು, ಹಾಗಾಗಿ ಪಲ್ಸ್ ಬರುತ್ತಿತ್ತು. ಜಾಲರಿ ಮಾತ್ರ ಎರಡು ಮೂರು ಎಳೆಯ ಮೇಲೆ ನಿಂತಿತ್ತು. ಸಿಗ್ನಲ್ಲಿನ ವಾಪಸು ದಾರಿ ಕೇಬಲ್ ಬಿಟ್ಟು, ಹೈವೋಲ್ಟೇಜ್ ಸಪ್ಲೈಯ ಅರ್ಥಿಂಗ್ ಸುತ್ತಿ, ಗೋಡೆಯ ವೈರಿಂಗ್ ಮೂಲಕ ಬರುತ್ತಿತ್ತು. ಅಷ್ಟು ದೊಡ್ಡ ಸುತ್ತು ಆಂಟೆನಾ ಆಗದೆ ಇನ್ನೇನಾದೀತು?

ಒಂದು ಎಚ್ಚರಿಕೆ. ನಾವು ಮೊದಲ ವಾರವೇ ಈ ಕೇಬಲ್ಲಿಗೆ ಮಲ್ಟಿಮೀಟರ್ ಹಿಡಿದಿದ್ದೆವು, ಬೀಪ್ ಬಂದಿತ್ತು, 'ಕೇಬಲ್ ಸರಿ' ಅಂತ ಬರೆದಿದ್ದೆವು. ಹತ್ತಾರು ಓಮ್ ಇದ್ದರೂ ಬಹಳ ಮೀಟರ್ ಬೀಪ್ ಅನ್ನುತ್ತವೆ. ಬೀಪ್ ಕೇಳಬೇಡಿ, ಅಂಕಿ ಓದಿ. ಜಾಲರಿಯ ಈ ತುದಿಯಿಂದ ಆ ತುದಿಗೆ ಒಂದು ಓಮಿಗಿಂತ ಕಡಿಮೆ ಇರಬೇಕು. ಓದುವಾಗ ಕನೆಕ್ಟರನ್ನು ಅಲುಗಾಡಿಸಿ. ನಮ್ಮದು ಅಲುಗಾಡಿಸಿದರೆ 3ರಿಂದ 40ಕ್ಕೆ ಹಾರುತ್ತಿತ್ತು. ಕೇಬಲ್ ಮುಟ್ಟುವ ಮೊದಲು ಹೈವೋಲ್ಟೇಜ್ ಸೊನ್ನೆ ಮಾಡಿ, ಸ್ವಿಚ್ ತೆಗೆದು, ಒಂದೆರಡು ನಿಮಿಷ ಬಿಡಿ. ಈ ಮಾತು ಹೊಸ ಹುಡುಗರಿಗೆ ಬಾಯಿಪಾಠ ಆಗಲಿ.

ಹೊಸ ಕೇಬಲ್ ಹಾಕಿದೆವು. ಹೈವೋಲ್ಟೇಜ್, ಪ್ರಿಆಂಪ್ ಸಪ್ಲೈ, ಡಿಜಿಟೈಸರ್ ಮೂರನ್ನೂ ಒಂದೇ ಬೋರ್ಡಿಗೆ ಚುಚ್ಚಿದೆವು. ಲೈಟ್ ಉರಿಯುತ್ತಿರುವಾಗಲೇ ಅಲೆ 100 ಮೆಟ್ಟಿಲಿನಿಂದ 6ಕ್ಕೆ ಇಳಿಯಿತು. ಅಗಲ ಶೇ 7.1.

ಉಳಿದ ಒಂದು ಗಂಟು

ಇಷ್ಟಕ್ಕೇ ಮುಗಿಯಲಿಲ್ಲ. ಸೀಸಿಯಂ ಮೂಲವನ್ನು ಹತ್ತಿರ ತಂದರೆ ಶಿಖರದ ಎಡಮಗ್ಗುಲು ಉಬ್ಬುತ್ತಿತ್ತು, ದೂರ ಇಟ್ಟರೆ ಸರಿಯಾಗುತ್ತಿತ್ತು. ಇದು ನಡುವಿನ ಗಡಿಬಿಡಿಯಲ್ಲಿ ನಮ್ಮ ಕೈಯಿಂದಲೇ ಆದದ್ದು. ಅಲೆ ಇದ್ದಾಗ ಡಿಜಿಟೈಸರಿನ ಆಟೊ ಗುಂಡಿ ಒತ್ತಿ ಇಳಿಕೆಯ ಕಾಲ ಅಳೆಸಿದ್ದೆವು. ಅಲೆಯ ಮೇಲೆ ಕೂತ ಪಲ್ಸಿನ ಬಾಲ ಅಳೆದು ಅದು 47ರ ಬದಲು 60 ಅಂತ ಬರೆದುಕೊಂಡಿತ್ತು. ಏರುಕಾಲವನ್ನು ವಾಪಸು ತಂದಾಗ ಈ ಅಂಕಿ ಮರೆತುಹೋಗಿತ್ತು.

ಇಟ್ಟ ಅಂಕಿ ನಿಜಕ್ಕಿಂತ ಜಾಸ್ತಿಯಿದ್ದರೆ ಟ್ರೆಪಿಜಾಯ್ಡ್ ಮುಗಿದ ಮೇಲೆ ಬೇಸ್‌ಲೈನಿಗಿಂತ ಕೆಳಗೆ ಜಾರುತ್ತದೆ. ಆ ತಗ್ಗಿನಲ್ಲಿ ಬಿದ್ದ ಮುಂದಿನ ಪಲ್ಸ್ ಗಿಡ್ಡ ಕಾಣುತ್ತದೆ, ಎಡಮಗ್ಗುಲು ಉಬ್ಬುತ್ತದೆ. ಕಡಿಮೆಯಿದ್ದರೆ ಉಲ್ಟಾ, ಬಲಮಗ್ಗುಲು. ಸೆಕೆಂಡಿಗೆ 200 ಪಲ್ಸ್ ಇದ್ದಾಗ 47 ಮೈಕ್ರೊಸೆಕೆಂಡಿನ ಬಾಲದಲ್ಲಿ ಬೀಳುವುದು ನೂರಕ್ಕೆ ಒಂದು. 5,000 ಇದ್ದಾಗ ನೂರಕ್ಕೆ 21. ಅದಕ್ಕೇ ಹತ್ತಿರ ದೂರ ಇಟ್ಟು ನೋಡಬೇಕು. 1 ಮತ್ತು 1ರ ಫಿಲ್ಟರಿನಲ್ಲಿ ಈ ತಗ್ಗು ಹಿಂದಿನ ಪಲ್ಸಿನ ಶೇ 1ಕ್ಕೂ ಕಡಿಮೆ. 6 ಮತ್ತು 2ರಲ್ಲಿ ಶೇ 3.7. ನಮ್ಮ ಹರಳಿನ ಅಗಲದಲ್ಲಿ ಅದು ಸಣ್ಣ ಉಬ್ಬಾಗಿ ಕಾಣುತ್ತದೆ ಅಷ್ಟೇ. 1332 ಕೆಇವಿಯಲ್ಲಿ ಬರೀ 2 ಕೆಇವಿ ಅಗಲದ ಶಿಖರ ಕೊಡುವ ಜರ್ಮೇನಿಯಂ ಡಿಟೆಕ್ಟರ್ ನಿಮ್ಮಲ್ಲಿದ್ದರೆ ಇದೇ ತಪ್ಪು ಶಿಖರವನ್ನು ಪೂರ್ತಿ ಕೆಡಿಸುತ್ತದೆ.

ಆಟೊ ಗುಂಡಿ ಬಿಟ್ಟು ಕೈಯಲ್ಲೇ ಅಳೆಯಿರಿ. ನೂರು ಪಲ್ಸ್‌ಗಳ ಸರಾಸರಿ ತೆಗೆದು, ಬೇಸ್‌ಲೈನ್ ಕಳೆದು, ತುದಿಯಿಂದ ಶೇ 37ಕ್ಕೆ ಇಳಿಯಲು ಎಷ್ಟು ಹೊತ್ತು ಅಂತ ಪರದೆಯ ಮೇಲೆ ಎಣಿಸಿ. ನಮಗೆ 47.2 ಬಂತು. ಅದನ್ನೇ ಹಾಕಿ ಮೂಲವನ್ನು ಮೂರು ಸೆಂಟಿಮೀಟರಿಗೆ ತಂದೆವು, ಎಡಗಡೆಯ ಉಬ್ಬು ಹೋಗಿತ್ತು. ಆಷಾಢದಲ್ಲಿ ಹಗಲು ಅಳೆದ ಹದಿನಾಲ್ಕು ಮರಳಿನ ಮಾದರಿಗಳನ್ನು ಈಗ ಮೊದಲಿನಿಂದ ಅಳೆಯುತ್ತಿದ್ದೇವೆ. ಒಂಬತ್ತು ಮುಗಿದಿವೆ.